ಮೈಮೇಲಿನ ಗಂಟು: ಸಾಧುವೋ, ಕೇಡಿಯೋ?

ಕನ್ನಡಿಗರಿಗೆ ಗಂಟು ಎಂದರೆ ಬಲು ಪ್ರೀತಿ. ದುಡ್ಡಾದರೆ ಇಡುಗಂಟು, ಮದುವೆಯಾದರೆ ಬ್ರಹ್ಮಗಂಟು, ಊರಿಗೆ ಹೊರಟರೆ ಗಂಟುಮೂಟೆ, ಆಸೆಪಟ್ಟದ್ದು ಕೈಗೆ ಸಿಗದಿದ್ದರೆ ಕನ್ನಡಿಯೊಳಗಿನ ಗಂಟು. ಆದರೆ ಒಂದು ದಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಸಾಬೂನು ಹಚ್ಚುವಾಗ ತೊಡೆಯಲ್ಲೋ ತೋಳಿನಲ್ಲೋ ಬೆನ್ನಿನಲ್ಲೋ ಕೈಗೆ ಒಂದು ಗಂಟು ತಗುಲಿತೆಂದರೆ ಆ ಪ್ರೀತಿಯೆಲ್ಲ ನೀರಿನೊಡನೆ ಮೋರಿಗೆ ಹರಿದು ಹೋಗುತ್ತದೆ. ಅಂದಿನಿಂದ ಮನುಷ್ಯ ಎರಡು ಜಾತಿಗಳಲ್ಲಿ ಒಂದಕ್ಕೆ ಸೇರುತ್ತಾನೆ. ಒಂದು, ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿಕೊಂಡು ರಾತ್ರಿ ನಿದ್ದೆಗೆಡುವ ಜಾತಿ. ಇನ್ನೊಂದು, ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡು, ‘ನೋವಿಲ್ಲವಲ್ಲ, ಇರಲಿ ಬಿಡಿ’ ಎಂದು ಬೆಳಗಿನ ಫಾಸ್ಟ್ ಲೋಕಲ್ ಹಿಡಿಯಲು ಓಡುವ ಜಾತಿ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಎರಡನೆಯ ಜಾತಿಯವರೇ ಹೆಚ್ಚೆಂದು ನಮ್ಮ ಅಂದಾಜು. ಗಾಡಿ ತಪ್ಪಿದರೆ ರಜೆ ಕಡಿತವಾಗುತ್ತದೆ. ಗಂಟು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ!

ನಾವು ವೈದ್ಯರಲ್ಲ. ಬಿ. ಎ. ಓದಿ ಸರಕಾರೀ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರು. ಆದರೆ ನೌಕರರ ಮೆಡಿಕಲ್ ಬಿಲ್ಲುಗಳು ನಮ್ಮ ಮೇಜಿನ ಮೇಲೆಯೇ ಹಾದುಹೋಗುವುದರಿಂದ ಕಾಯಿಲೆಗಳ ಹೆಸರು ನಮಗೆ ಪರಿಚಯ. ಯಾವ ಕಾಗದ ಇದ್ದರೆ ಮನುಷ್ಯ ಬದುಕುತ್ತಾನೆ, ಯಾವ ಕಾಗದ ಇಲ್ಲದಿದ್ದರೆ ಅಲೆಯುತ್ತಾನೆ ಎಂಬುದೂ ಪರಿಚಯ. ಸಂಘದ ಸಹೋದರಿಯರು ಕೆಲವರು ‘ಗಂಟು ಕಂಡರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಮನೆಯಲ್ಲೇ ತಿಳಿಯುವ ಉಪಾಯವಿದೆಯೆ?’ ಎಂದು ಕೇಳಿದ್ದಾರೆ. ಬಲ್ಲವರನ್ನು ವಿಚಾರಿಸಿ, ಓದಿ, ತಿಳಿದುಕೊಂಡದ್ದನ್ನು ಈ ಸಲ ಬರೆಯುತ್ತಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಯಲ್ಲಿ ತಿಳಿಯಲು ಸಾಧ್ಯವಿಲ್ಲ. ದೊಡ್ಡ ವೈದ್ಯರು ಕೂಡ ಬರಿಯ ಕೈಯಿಂದ ಮುಟ್ಟಿ ಖಂಡಿತ ಹೇಳಲಾರರು. ಆದರೆ ಯಾವ ಗಂಟನ್ನು ತಡಮಾಡದೆ ತೋರಿಸಬೇಕು ಎಂಬುದನ್ನು ಮನೆಯಲ್ಲಿ ತಿಳಿಯಬಹುದು. ಅಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಸಮಾಧಾನದ ಮಾತು. ಚರ್ಮದ ಕೆಳಗಿನ ಮೃದುವಾದ ಭಾಗಗಳಲ್ಲಿ, ಅಂದರೆ ಕೊಬ್ಬು, ಮಾಂಸಖಂಡ, ನರ, ರಕ್ತನಾಳ, ಸ್ನಾಯುಗಳಲ್ಲಿ ಹುಟ್ಟುವ ಗಂಟುಗಳಲ್ಲಿ ಸಾಧು ಗಂಟುಗಳೇ ಹೆಚ್ಚು. ಒಂದು ಕೇಡಿನ ಗಂಟಿಗೆ ಕನಿಷ್ಠ ನೂರು ಸಾಧು ಗಂಟುಗಳಿರುತ್ತವೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಸಾಧು ಗಂಟು ತನ್ನ ಜಾಗದಲ್ಲಿ ತಾನಿರುತ್ತದೆ. ಪಕ್ಕದವರ ಮನೆಯ ಗೋಡೆ ಒಡೆಯುವುದಿಲ್ಲ, ಬೇರೆ ಊರಿಗೆ ಹೋಗಿ ಬೀಡು ಬಿಡುವುದಿಲ್ಲ. ಕೇಡಿನದಾದರೋ ಅಕ್ಕಪಕ್ಕವನ್ನು ಕೊರೆಯುತ್ತದೆ. ರಕ್ತದೊಡನೆ ಪ್ರಯಾಣ ಮಾಡಿ ಪುಪ್ಪುಸದಂಥ ದೂರದ ಜಾಗದಲ್ಲಿ ಬಿಡಾರ ಹೂಡುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಇಷ್ಟರಲ್ಲಿಯೇ ಪ್ರಾಣವಿದೆ.

ಸಾಧುಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಕೊಬ್ಬಿನ ಗಡ್ಡೆ; ವೈದ್ಯರು ಲಿಪೋಮಾ ಎನ್ನುತ್ತಾರೆ. ನಾದಿದ ಚಪಾತಿ ಹಿಟ್ಟಿನ ಉಂಡೆಯಂತೆ ಮೆತ್ತಗಿರುತ್ತದೆ. ಬೆರಳಿನಿಂದ ಅಂಚನ್ನು ಒತ್ತಿದರೆ ಬೆರಳಿನಡಿಯಿಂದ ಜಾರುತ್ತದೆ. ಕೆಲವರ ಮೈಯಲ್ಲಿ ಇಂಥವು ಹತ್ತಾರು ಇರುತ್ತವೆ. ಅಪ್ಪನಿಗಿದ್ದರೆ ಮಗನಿಗೂ ಬರುವುದುಂಟು. ಎರಡನೆಯದು ಚರ್ಮದ ಚೀಲದ ಗಂಟು. ಇದು ಚರ್ಮಕ್ಕೆ ಅಂಟಿಕೊಂಡಿರುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ ಕಂಡರೂ ಕಾಣಬಹುದು. ಒಡೆದರೆ ಕೆಟ್ಟ ವಾಸನೆಯ ಗಿಣ್ಣಿನಂಥ ಪದಾರ್ಥ ಹೊರಬರುತ್ತದೆ. ಮೂರನೆಯದು ಮಣಿಕಟ್ಟಿನ ಮೇಲೆ ಬರುವ, ಅಂಟಾದ ನೀರು ತುಂಬಿದ ಗಂಟು. ಟಾರ್ಚ್ ಹಿಡಿದರೆ ಬೆಳಕು ಆಚೆಗೆ ಹಾಯುತ್ತದೆ. ಹಿಂದೆ ಯುರೋಪಿನಲ್ಲಿ ಇದನ್ನು ದಪ್ಪ ಬೈಬಲಿನಿಂದ ಬಡಿದು ಒಡೆಯುತ್ತಿದ್ದರಂತೆ. ನಮ್ಮ ಮನೆಯ ದಪ್ಪ ನಿಘಂಟಿಗೆ ಆ ಕೆಲಸ ಹಚ್ಚಬೇಡಿ, ಮೂಳೆ ಮುರಿದೀತು. ನಾಲ್ಕನೆಯದು ಕೀವುಗಟ್ಟುವ ಬಾವು. ಕೆಂಪಗೆ, ಬಿಸಿಯಾಗಿ, ಮುಟ್ಟಗೊಡದಷ್ಟು ನೋಯುತ್ತದೆ. ಐದನೆಯದು ಪೆಟ್ಟು ಬಿದ್ದಲ್ಲಿ ರಕ್ತ ಹೆಪ್ಪುಗಟ್ಟಿದ ಗಂಟು. ಇದು ದಿನ ಕಳೆದಂತೆ ಕರಗಬೇಕು. ‘ಕರಗಬೇಕು’ ಎಂಬ ಮಾತನ್ನು ದಯಮಾಡಿ ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಇನ್ನು ಕೇಡಿಯ ಮಾತು. ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿ ಎಂಬ ಒಳ್ಳೆಯ ಹೆಸರುಂಟು. ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿಯೂ ಆ ರೋಗದ ಹೆಸರಿಗೆ ಏಡಿಯೆಂದೇ ಅರ್ಥ. ನಮ್ಮ ದೇಶದ ಹಳಬರೂ ಇದನ್ನು ಗಮನಿಸದೆ ಇರಲಿಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿಯನ್ನೂ ಅರ್ಬುದವನ್ನೂ ಬೇರೆ ಬೇರೆಯಾಗಿ ವಿವರಿಸಿದೆ. ಅರ್ಬುದದ ಬೇರು ಆಳ, ಅದು ಅಲುಗದು, ನೋವು ಕಡಿಮೆ, ಹಣ್ಣಾಗಿ ಕೀವು ಬಿಡದು ಎಂಬುದು ಅಲ್ಲಿನ ಅಭಿಪ್ರಾಯ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬರಿಯ ಬೆರಳು ಕಣ್ಣುಗಳಿಂದ ಇಷ್ಟು ಕಂಡರಲ್ಲ ಎಂದು ಬೆರಗಾಗಬೇಕು.

ಬಾಯಿ, ಸ್ತನ, ಹೊಟ್ಟೆ, ಗರ್ಭಕೋಶಗಳ ಕ್ಯಾನ್ಸರಿನ ವಿಷಯ ಎಲ್ಲರೂ ಕೇಳಿದ್ದೇವೆ. ಮಾಂಸ, ಕೊಬ್ಬು, ನರಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಸಾರ್ಕೋಮಾ ಎಂಬ ಬೇರೆ ಹೆಸರು. ಇದು ಅಪರೂಪ, ದೊಡ್ಡವರಲ್ಲಿ ಬರುವ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಅಪರೂಪ ಎಂಬುದೇ ಇಲ್ಲಿ ಅಪಾಯ. ಸಣ್ಣ ಊರಿನ, ಬಡಾವಣೆಯ ವೈದ್ಯರೊಬ್ಬರು ತಮ್ಮ ಆಯುಷ್ಯದಲ್ಲಿ ಒಂದೆರಡು ಸಾರ್ಕೋಮಾ ಕಂಡಾರು; ಕೊಬ್ಬಿನ ಗಡ್ಡೆಗಳನ್ನು ಸಾವಿರ ಕಂಡಿರುತ್ತಾರೆ. ಸಾವಿರದ ಒಂದನೆಯದನ್ನೂ ಕೊಬ್ಬೆಂದು ಬಗೆಯುವುದು ಮನುಷ್ಯ ಸಹಜ. ಈ ರೋಗ ಹೆಚ್ಚಾಗಿ ಕಾಣುವುದು ಕೈಕಾಲುಗಳಲ್ಲಿ, ಅದರಲ್ಲಿಯೂ ತೊಡೆಯಲ್ಲಿ. ಹೊಟ್ಟೆಯ ಹಿಂಬದಿಯಲ್ಲಿ ಅಡಗಿ ಬೆಳೆಯುವುದೂ ಉಂಟು.

ಹಾಗಾದರೆ ಯಾವುದನ್ನು ಬೇಗ ತೋರಿಸಬೇಕು? ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು: ಗಂಟು ಎಷ್ಟು ದೊಡ್ಡದು? 5 ಸೆಂಟಿಮೀಟರ್, ಅಂದರೆ ಎರಡು ಅಂಗುಲ ಮೀರಿದರೆ ತೋರಿಸಬೇಕು. ಇಂಗ್ಲೆಂಡಿನಲ್ಲಿ ಜನರಿಗೆ ‘ಗಾಲ್ಫ್ ಚೆಂಡಿನಷ್ಟಾದರೆ ತೋರಿಸಿ’ ಎಂದು ಹೇಳಿಕೊಡುತ್ತಾರೆ. ಡೊಂಬಿವಲಿಯಲ್ಲಿ ಗಾಲ್ಫ್ ಆಡುವವರನ್ನು ನಾವು ಕಂಡಿಲ್ಲವಾದ್ದರಿಂದ ‘ದೊಡ್ಡ ನಿಂಬೆಹಣ್ಣು’ ಎನ್ನೋಣ. ಅದಕ್ಕಿಂತ ಒಳ್ಳೆಯದು, ಹೊಲಿಗೆಯ ಡಬ್ಬಿಯಲ್ಲಿರುವ ಟೇಪು.

ಎರಡು: ಬೆಳೆಯುತ್ತಿದೆಯೆ? ನಾಲ್ಕರಲ್ಲಿ ಇದು ಬಲು ಮುಖ್ಯ. ‘ಬೆಳೆದಂತೆ ಕಾಣುತ್ತದೆ’ ಎಂಬ ಮಾತು ಕಚೇರಿಯಲ್ಲಿ ನಡೆಯದು, ಆಸ್ಪತ್ರೆಯಲ್ಲಿಯೂ ನಡೆಯದು. ಟೇಪಿನಿಂದ ಅಳೆದು, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಅಳತೆ ಬರೆಯಿರಿ. ಎರಡು, ಮೂರು ವಾರ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಸುಳ್ಳು ಹೇಳದು. ಆದರೆ ಈಗಾಗಲೇ ದೊಡ್ಡದಾಗಿರುವ ಗಂಟನ್ನು ಅಳೆಯುತ್ತ ಕೂರಬೇಡಿ. ಅದನ್ನು ಇಂದೇ ತೋರಿಸತಕ್ಕದ್ದು.

ಮೂರು: ಆಳದಲ್ಲಿದೆಯೆ? ತೊಡೆಯ ಗಂಟಾದರೆ ಕಾಲನ್ನು ನೆಟ್ಟಗೆ ಚಾಚಿ ಮಾಂಸಖಂಡವನ್ನು ಬಿಗಿ ಹಿಡಿಯಿರಿ. ಗಂಟು ಮೊದಲಿನಂತೆಯೇ ಚರ್ಮದಡಿ ಜಾರಾಡಿದರೆ ಮೇಲಿನದು. ಬಿಗಿಹಿಡಿದಾಗ ಅಲುಗದೆ ನಿಂತರೆ ಅಥವಾ ಒಳಗೆ ಮರೆಯಾದರೆ ಅದು ಮಾಂಸದ ಪದರದ ಒಳಗೋ ಕೆಳಗೋ ಇದೆ. ಆಳದ ಗಂಟನ್ನು ಗಾತ್ರ ಎಷ್ಟೇ ಇರಲಿ ತೋರಿಸಬೇಕು.

ನಾಲ್ಕು: ಒಮ್ಮೆ ತೆಗೆಸಿದ ಜಾಗದಲ್ಲಿ ಮತ್ತೆ ಬಂದಿದೆಯೆ? ಬಂದಿದ್ದರೆ ಮೊದಲ ಸಲ ಯಾರು ಏನೆಂದರೂ ಸರಿಯೆ, ಈಗ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಬೇಕು.

ಈ ನಾಲ್ಕರಲ್ಲಿ ಒಂದಕ್ಕೆ ‘ಹೌದು’ ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ; ನೋಡಿಸಬೇಕು ಎಂದಷ್ಟೇ ಅರ್ಥ. ನಾಲ್ಕಕ್ಕೂ ‘ಇಲ್ಲ’ ಬಂದರೂ ಮುಂದಿನ ಸಲ ವೈದ್ಯರ ಬಳಿ ಹೋದಾಗ ತೋರಿಸಿ; ಅಪರೂಪಕ್ಕೆ ಮೇಲುಮೇಲಿನ ಸಣ್ಣ ಗಂಟೂ ಕೇಡಿಯಾಗಿರುವುದುಂಟು.

ನೋವಿನ ಪ್ರಶ್ನೆಯನ್ನು ನಾವು ಈ ನಾಲ್ಕರಲ್ಲಿ ಸೇರಿಸಲಿಲ್ಲ. ಕಾರಣವಿದೆ. ನಮ್ಮ ಜನ ನೋವನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದ್ದಾರೆ. ನೋವಿದ್ದರೆ ರೋಗ, ಇಲ್ಲದಿದ್ದರೆ ಆರೋಗ್ಯ! ಸಾರ್ಕೋಮಾಗಳಲ್ಲಿ ಅನೇಕವು ಬಹುಕಾಲ ನೋಯುವುದೇ ಇಲ್ಲ. ಮೆತ್ತಗಿರುವ ಸುತ್ತಲ ಭಾಗವನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ ಬೆಳೆಯುತ್ತವೆ. ಆಳದ ಗಂಟು ಹೊಸದಾಗಿ ನೋಯತೊಡಗಿದರೆ ಆಗಲೂ ತೋರಿಸಬೇಕು, ಸರಿ. ಆದರೆ ನೋವು ಬರಲಿ ಎಂದು ಕಾಯುವುದು ಕಳ್ಳ ಬಾಗಿಲು ತಟ್ಟಲಿ ಎಂದು ಕಾದಂತೆ.

‘ಮೆತ್ತಗಿದೆ, ಆದ್ದರಿಂದ ಕೊಬ್ಬು’ ಎಂಬ ತೀರ್ಪೂ ಪೂರ್ತಿ ನಂಬತಕ್ಕದ್ದಲ್ಲ. ಲೋಳೆಯಂತೆ ಮೆತ್ತಗಿರುವ ಸಾರ್ಕೋಮಾಗಳೂ ಇವೆ. ‘ಎರಡು ವರ್ಷದಿಂದ ಇದೆ, ಆದ್ದರಿಂದ ಸಾಧು’ ಎಂಬುದೂ ಪ್ರಮಾಣವಲ್ಲ. ತರುಣರಲ್ಲಿ ಮೊಣಕಾಲಿನ ಆಸುಪಾಸು ಬರುವ ಒಂದು ಬಗೆಯ ಸಾರ್ಕೋಮಾ ವರ್ಷಗಟ್ಟಲೆ ನಿಧಾನವಾಗಿ ಬೆಳೆದು ಎಲ್ಲರನ್ನೂ ಮೋಸಗೊಳಿಸುತ್ತದೆ. ‘ಪೆಟ್ಟು ಬಿದ್ದದ್ದರಿಂದ ಬಂತು’ ಎಂಬ ಕಥೆ ಇನ್ನೂ ಮೋಸದ್ದು. ಪೆಟ್ಟು ಗಂಟನ್ನು ಹುಟ್ಟಿಸಿರುವುದಿಲ್ಲ. ಮೊದಲೇ ಇದ್ದ ಗಂಟಿನ ಕಡೆಗೆ ನಮ್ಮ ಕೈಯನ್ನು ಎಳೆದಿರುತ್ತದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ನೆರೆಯ ಬಿಲ್ಡಿಂಗಿನಲ್ಲಿ ಹುಬ್ಬಳ್ಳಿ ಕಡೆಯ ಒಂದು ಕುಟುಂಬವಿದೆ. ಯಜಮಾನರಿಗೆ ಕಾರಖಾನೆಯಲ್ಲಿ ಕೆಲಸ. ವಯಸ್ಸು ನಲವತ್ತರ ಮೇಲೆ ಒಂದೆರಡು. ಒಂದು ದಿನ ಲೋಕಲ್ ಗಾಡಿಯ ಬಾಗಿಲಲ್ಲಿ ನೂಕುನುಗ್ಗಲಾಗಿ ಕಂಬಿ ತೊಡೆಗೆ ಬಡಿಯಿತು. ಸಂಜೆ ನೋಡಿಕೊಂಡರೆ ಗಂಟು. ಮನೆಯವರು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದರು; ಸುಣ್ಣ ಅರಿಸಿನದ ಪಟ್ಟು ಹಾಕಿದರು. ಒಂದು ತಿಂಗಳಾಯಿತು, ಮೂರಾಯಿತು, ಆರಾಯಿತು. ಪೆಟ್ಟಿನ ಗಂಟು ಕರಗಬೇಕು ಎಂದೆವಲ್ಲ. ಇದು ಕರಗಲಿಲ್ಲ, ಬೆಳೆಯಿತು. ಆಮೇಲೆ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದರು. ‘ಕೊಬ್ಬಿನ ಗಡ್ಡೆ, ಅರ್ಧ ಗಂಟೆಯ ಕೆಲಸ’ ಎಂದರು. ಚಿತ್ರ ತೆಗೆಸಲಿಲ್ಲ, ಸೂಜಿ ಹಾಕಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದು ತೆಗೆದರು. ಸಂಜೆಗೆ ಮನೆಗೆ ಬಂದರು. ಎಲ್ಲರಿಗೂ ಸಂತೋಷವಾಯಿತು.

ಒಂಬತ್ತು ತಿಂಗಳ ಮೇಲೆ ಹೊಲಿಗೆಯ ಗುರುತಿನ ಕೆಳಗೇ ಗಂಟು ಮತ್ತೆ ಬಂತು. ಅವರ ಪತ್ನಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮಲ್ಲಿಗೆ ಬಂದರು.

“ಅಣ್ಣಾರ, ನೀವು ಮೆಡಿಕಲ್ ಬಿಲ್ಲು ನೋಡೋರು. ಈ ಕಾಗದ ಒಂಚೂರು ನೋಡ್ರಿ. ಮೊದಲ ತೆಗದದ್ದು ಏನಿತ್ತು ಅಂತ ದೊಡ್ಡ ದವಾಖಾನ್ಯಾಗ ಕೇಳ್ತಾರಂತ.”

ಚೀಲದಲ್ಲಿ ಔಷಧದ ಅಂಗಡಿಯ ರಸೀದಿಗಳಿದ್ದುವು. ‘ಗಂಟು ತೆಗೆದ ಬಾಬ್ತು’ ಎಂದು ಹಣ ಬರೆದ ಒಂದು ಬಿಲ್ಲಿತ್ತು. ತೆಗೆದದ್ದು ಏನೆಂದು ಹೇಳುವ ಕಾಗದ ಮಾತ್ರ ಇರಲಿಲ್ಲ.

“ಅಕ್ಕಾ, ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಲಿಲ್ಲವೆ?” ಎಂದು ಕೇಳಿದೆವು.

“ಕೊಬ್ಬು ಅದ, ಒಗದ್ವಿ ಅಂದ್ರು” ಎಂದರು ಆ ತಾಯಿ.

ಅವರು ಪರೇಲಿಗೆ ಹೋದರು. ಎಂ. ಆರ್. ಐ. ಚಿತ್ರವಾಯಿತು, ಸೂಜಿಯ ಪರೀಕ್ಷೆಯಾಯಿತು. ಸಾರ್ಕೋಮಾ ಎಂಬ ಹೆಸರು ಬಂತು. ಈ ಸಲ ಗಂಟಿನೊಡನೆ ಹಳೆಯ ಗಾಯದ ಗುರುತು, ಮೊದಲ ಚಾಕು ಓಡಾಡಿದ್ದ ಸುತ್ತಲ ಮಾಂಸ ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕಾಯಿತು. ಇನ್ನೊಂದು ಕಡೆಯಿಂದ ಚರ್ಮ ತಂದು ಮುಚ್ಚಿದರು. ವಾರಗಟ್ಟಲೆ ವಿಕಿರಣದ ಚಿಕಿತ್ಸೆ ನಡೆಯಿತು. ಕಾಲು ಉಳಿಯಿತು, ಮನುಷ್ಯ ಉಳಿದರು. ಈಗ ಸ್ವಲ್ಪ ಕುಂಟುತ್ತ ಕೆಲಸಕ್ಕೆ ಹೋಗುತ್ತಾರೆ. ಗೊತ್ತುಪಡಿಸಿದ ತಿಂಗಳಿಗೆ ಎದೆಯ ಚಿತ್ರ ತೆಗೆಸಿಕೊಂಡು ಬರುತ್ತಾರೆ. ಒಮ್ಮೆ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಾಗ, “ಮೊದಲ ಸೂಜಿ ಹಾಕಿಸಿದ್ದರ ಅರ್ಧ ತೊಡಿ ಉಳೀತಿತ್ತಲ್ರೀ” ಎಂದರು. ಕೋಪದಿಂದ ಹೇಳಲಿಲ್ಲ, ಲೆಕ್ಕ ಹೇಳುವವರಂತೆ ಹೇಳಿದರು.

ಇದರ ಎದುರಿಗೆ ಇನ್ನೊಂದು ಸಂಗತಿ. ಕಲ್ಯಾಣದಲ್ಲಿ ನಮಗೆ ತಿಳಿದ ಒಬ್ಬ ಶಿಕ್ಷಕಿಯರಿಗೆ ಹೆಗಲಿನ ಹಿಂಬದಿ ಆಳದಲ್ಲಿ ದೊಡ್ಡ ಗಂಟಾಯಿತು. ಕ್ಯಾನ್ಸರೆಂದೇ ನಿಶ್ಚಯಿಸಿ ಯಾರಿಗೂ ಹೇಳದೆ ಮೂರು ತಿಂಗಳು ಕಳೆದರು; ಊರಿನ ಮನೆಯ ಪತ್ರ, ಮಗಳ ಬಂಗಾರ ಯಾವ ಯಾವುದು ಎಲ್ಲೆಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರು. ಕೊನೆಗೆ ತಂಗಿ ಎಳೆದುಕೊಂಡು ಹೋದಳು. ಚಿತ್ರ, ಸೂಜಿ ಎಲ್ಲ ಆಗಿ ಬಂದ ಉತ್ತರ: ಬರಿಯ ಕೊಬ್ಬು! ಕ್ಯಾನ್ಸರಲ್ಲ ಎಂದು ತಿಳಿಯುವುದಕ್ಕೂ ಅದೇ ಸೂಜಿಯೇ ಬೇಕು. ಹೋಗದೆ ಕೂತವರು ಸಾಧು ಗಂಟಿಗೂ ಕೇಡಿಯ ಬೆಲೆಯನ್ನೇ ತೆರುತ್ತಾರೆ.

ಈಗ ವೈದ್ಯರು ಹೇಗೆ ತಿಳಿಯುತ್ತಾರೆ ಎಂಬುದನ್ನು ನೋಡೋಣ. ಕಚೇರಿಯಲ್ಲಿ ಕಡತಕ್ಕೆ ಒಂದು ಕ್ರಮವಿದೆ. ಆವಕದಲ್ಲಿ ದಾಖಲಾಗಬೇಕು, ಟಿಪ್ಪಣಿ ಬರಬೇಕು, ಆಮೇಲೆ ಸಾಹೇಬರ ಸಹಿ, ಕೊನೆಗೆ ಜಾವಕ. ಮೊದಲೇ ಜಾವಕ ಮಾಡಿ ಆಮೇಲೆ ಟಿಪ್ಪಣಿ ಬರೆಯಲು ಕೂತರೆ ಏನಾಗುತ್ತದೆ ಎಂಬುದು ಗುಮಾಸ್ತರಿಗೆಲ್ಲ ಗೊತ್ತು. ಗಂಟಿನ ಕ್ರಮವೂ ಹೀಗೆಯೇ: ಕೈ, ಚಿತ್ರ, ಸೂಜಿ, ಆಮೇಲೆ ಚಾಕು.

ಕೈಯೆಂದರೆ ವೈದ್ಯರು ಮುಟ್ಟಿ ನೋಡುವುದು. ಚಿತ್ರದಲ್ಲಿ ಮೊದಲನೆಯದು ಸೋನೋಗ್ರಫಿ. ಖರ್ಚು ಕಡಿಮೆ, ನೋವಿಲ್ಲ. ಗಂಟಿನೊಳಗೆ ನೀರಿದೆಯೋ ಗಟ್ಟಿ ಪದಾರ್ಥವಿದೆಯೋ, ಮೇಲಿದೆಯೋ ಆಳದಲ್ಲಿದೆಯೋ ತಿಳಿಯುತ್ತದೆ. ಬಹಳಷ್ಟು ಗಂಟುಗಳ ವಿಚಾರಣೆ ಇಲ್ಲಿಗೇ ಮುಗಿದು ‘ಸಾಧು’ ಎಂಬ ತೀರ್ಪು ದೊರೆಯುತ್ತದೆ. ಅನುಮಾನ ಉಳಿದರೆ ಎಂ. ಆರ್. ಐ.; ಗಂಟು ಯಾವ ಮಾಂಸದಲ್ಲಿ ಕೂತಿದೆ, ದೊಡ್ಡ ನರಕ್ಕೂ ರಕ್ತನಾಳಕ್ಕೂ ಎಷ್ಟು ದೂರ ಎಂಬ ನಕ್ಷೆ ಅದು. ನಕ್ಷೆಯನ್ನು ನೆಲ ಅಗೆಯುವ ಮೊದಲೇ ತೆಗೆಯಬೇಕು. ಅಗೆದ ಮೇಲೆ ಯಾವುದು ಗಂಟು, ಯಾವುದು ಗಾಯ ಎಂದು ಬಿಡಿಸುವುದು ಕಷ್ಟ.

ಆಮೇಲೆ ಸೂಜಿ. ಇದರಲ್ಲಿ ಎರಡು ಬಗೆ. ತೆಳು ಸೂಜಿಯಿಂದ ಬಿಡಿ ಬಿಡಿ ಜೀವಕೋಶಗಳನ್ನು ಎಳೆಯುವುದು ಒಂದು. ಕುತ್ತಿಗೆಯ ಗ್ರಂಥಿಗಳಿಗೆ, ಥೈರಾಯ್ಡಿಗೆ ಇದು ಒಳ್ಳೆಯದು. ಮಾಂಸದೊಳಗಿನ ಗಂಟಿಗೆ ಸಾಮಾನ್ಯವಾಗಿ ದಪ್ಪ ಸೂಜಿ ಬೇಕು. ಜಾಗವನ್ನು ಮರಗಟ್ಟಿಸಿ ಶ್ಯಾವಿಗೆಯ ಎಳೆಯಂಥ ಕೆಲವು ತುಂಡುಗಳನ್ನು ತೆಗೆಯುತ್ತಾರೆ. ಇವು ರೋಗಶಾಸ್ತ್ರಜ್ಞರ ಮೇಜಿಗೆ ಹೋಗುತ್ತವೆ. ಅವರು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರು ಬರೆಯುತ್ತಾರೆ. ಸಾರ್ಕೋಮಾ ಎಂಬುದು ಒಂದು ರೋಗವಲ್ಲ. ಐವತ್ತಕ್ಕೂ ಮಿಕ್ಕಿದ ರೋಗಗಳ ಗುಂಪು. ಆದ್ದರಿಂದ ವಿಶೇಷ ಬಣ್ಣಗಳ ಪರೀಕ್ಷೆಗೆ ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ತಾಳ್ಮೆ ಬೇಕು. ರೋಗಿಗೆ ರೋಗಶಾಸ್ತ್ರಜ್ಞರ ಮುಖದ ಪರಿಚಯವೇ ಇರುವುದಿಲ್ಲ. ಆದರೂ ಅಂತಿಮ ತೀರ್ಪಿನ ಸಹಿ ಅವರದೇ.

‘ಸೂಜಿ ಚುಚ್ಚಿದರೆ, ಚಾಕು ತಗುಲಿದರೆ ಕ್ಯಾನ್ಸರ್ ಹಬ್ಬುತ್ತದೆ’ ಎಂಬ ಮಾತನ್ನು ಹಳ್ಳಿಯಿಂದ ಮುಂಬಯಿವರೆಗೆ ಎಲ್ಲ ಕಡೆ ಕೇಳಿದ್ದೇವೆ. ಇದರಲ್ಲಿ ಬಹುಪಾಲು ಭಯ, ಒಂದು ಪಾಲು ಸತ್ಯ. ಭಯವೆಂದು ತಳ್ಳಿಹಾಕುವ ಬದಲು ಬಿಡಿಸಿ ನೋಡಬೇಕು. ಗೊತ್ತಿದ್ದವರು ಸೂಜಿ ಹಾಕುವಾಗ, ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಎಲ್ಲಿ ಕೊಯ್ಯಬೇಕೋ ಆ ಗೆರೆಯ ಮೇಲೆಯೇ ಹಾಕುತ್ತಾರೆ. ಸೂಜಿ ಹೋದ ದಾರಿಯನ್ನು ಗಂಟಿನೊಡನೆ ತೆಗೆದುಬಿಡುವ ಅನುಕೂಲವಿರುತ್ತದೆ. ಇದರಿಂದ ಹೆದರಬೇಕಾದ್ದಿಲ್ಲ. ಗಂಟಿಗೆ ಹೆಸರಿಡದೆ, ಕೊಬ್ಬೆಂದು ನಂಬಿ ಕೆದಕಿ ತೆಗೆದಾಗ ಮಾತ್ರ ಕೇಡಿನ ಕಣಗಳು ಗಾಯದ ಉದ್ದಗಲಕ್ಕೂ ಚೆಲ್ಲುವ ಸಂಭವವಿದೆ. ತಪ್ಪು ಚಾಕುವಿನದಲ್ಲ, ಮೊದಲೇ ಬಂದದ್ದು ತಪ್ಪು.

ಇದು ನಮ್ಮ ಊಹೆಯಲ್ಲ. ಅಮೆರಿಕದ ಹೆನ್ರಿ ಮ್ಯಾನ್ಕಿನ್ ಎಂಬ ಶಸ್ತ್ರವೈದ್ಯರೂ ಅವರ ಸಹೋದ್ಯೋಗಿಗಳೂ 1982ರಲ್ಲಿ 329 ರೋಗಿಗಳ, ಮತ್ತೆ 1996ರಲ್ಲಿ 597 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಚಿಕಿತ್ಸೆ ಕೊಡುವ ದೊಡ್ಡ ಕೇಂದ್ರದಲ್ಲಿಯೇ ತುಂಡು ತೆಗೆದು ಪರೀಕ್ಷಿಸಿದಾಗ ಆಗುವ ತಪ್ಪು ತೊಡಕುಗಳಿಗಿಂತ, ಬೇರೆಡೆ ತೆಗೆಸಿಕೊಂಡು ಬಂದಾಗ ಆಗುವವು 2ರಿಂದ 12 ಪಟ್ಟು ಹೆಚ್ಚು ಎಂದು ತಿಳಿಯಿತು. ಎರಡು ಪರಿಶೀಲನೆಗಳ ನಡುವೆ ಹದಿನಾಲ್ಕು ವರ್ಷ ಕಳೆದಿದ್ದರೂ ಪಾಠ ಬದಲಾಗಲಿಲ್ಲ. ಸೂಜಿಯನ್ನೂ ಚಾಕುವನ್ನೂ ಒಂದೇ ಮನೆಯವರು ಹಿಡಿಯಬೇಕು.

ಹೆಸರು ಸರಿಯಾಗಿ ಗೊತ್ತಾದರೆ ಆಗುವ ಲಾಭವೂ ದೊಡ್ಡದು. ಹಿಂದೆ ತೊಡೆಯಲ್ಲಿ ಸಾರ್ಕೋಮಾ ಎಂದರೆ ಕಾಲನ್ನೇ ತೆಗೆಯುವುದು ರೂಢಿಯಾಗಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 1982ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 43 ರೋಗಿಗಳಿದ್ದರು. ಕೆಲವರ ಅಂಗವನ್ನು ತೆಗೆದರು. ಉಳಿದವರಿಗೆ ಅಂಗ ಉಳಿಸಿ ಗಂಟನ್ನು ಅಗಲವಾಗಿ ತೆಗೆದು ವಿಕಿರಣ ಕೊಟ್ಟರು. ಬದುಕಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇಂದು ಹೆಚ್ಚಿನವರ ಕೈಕಾಲು ಉಳಿಯುತ್ತದೆ. ಎಷ್ಟು ಬೇಗ ಬಂದರೆ ಅಷ್ಟು ಹೆಚ್ಚು ಉಳಿಯುತ್ತದೆ.

ನಮ್ಮ ಕಡೆಯವರು ಈ ವಿಷಯದಲ್ಲಿ ಪುಣ್ಯವಂತರು. ದೇಶದ ಮೂಲೆಮೂಲೆಗಳಿಂದ ಎರಡು ದಿನ ರೈಲಿನಲ್ಲಿ ಕೂತು ಜನ ಬರುವ ಆಸ್ಪತ್ರೆ ನಮ್ಮ ಸೆಂಟ್ರಲ್ ಲೈನಿನ ಪರೇಲಿನಲ್ಲಿದೆ. ಟಾಟಾ ಸ್ಮಾರಕ ಆಸ್ಪತ್ರೆ ಬಾಗಿಲು ತೆರೆದದ್ದು 1941ರ ಫೆಬ್ರವರಿ 28ರಂದು. ಅದರ ಹಿಂದಿನ ಕಥೆಯಲ್ಲಿ ಮೈಸೂರಿನ ಎಳೆಯೊಂದು ಇರುವುದು ನಮ್ಮವರಿಗೆ ತಿಳಿದಿರಲಿ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿಯವರ ತಂದೆ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ವಿದ್ಯಾಭ್ಯಾಸದ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯೂ ಕಾಲವಾದರು. ಅವರ ಹೆಸರಿನ ಟ್ರಸ್ಟಿನವರು ಈ ಆಸ್ಪತ್ರೆ ಕಟ್ಟಿಸಿದರು. 1957ರಲ್ಲಿ ಇದು ಕೇಂದ್ರದ ಆರೋಗ್ಯ ಖಾತೆಗೂ, 1962ರಲ್ಲಿ ಅಣುಶಕ್ತಿ ಇಲಾಖೆಗೂ ಬಂತು. ಆಗ ಆ ಇಲಾಖೆಯ ಮುಖ್ಯಸ್ಥರು ಮೆಹರ್‌ಬಾಯಿಯವರ ಸೋದರನ ಮಗ ಹೋಮಿ ಭಾಭಾ. ಇದೇ ಸಂಸ್ಥೆಯ ಇನ್ನೊಂದು ದೊಡ್ಡ ಕೇಂದ್ರ 2002ರಿಂದ ನವಿಮುಂಬಯಿಯ ಖಾರ್ಘರಿನಲ್ಲಿದೆ. ಅಲ್ಲಿ ಸಂಶೋಧನೆಯೂ ಚಿಕಿತ್ಸೆಯೂ ನಡೆಯುತ್ತವೆ. ಕಲ್ಯಾಣ, ಡೊಂಬಿವಲಿಯವರು ಥಾಣೆಯಲ್ಲಿ ಇಳಿದು ಪನವೇಲಿನ ಗಾಡಿ ಹಿಡಿದರೆ ಖಾರ್ಘರ ಸ್ಟೇಷನ್ ಸಿಗುತ್ತದೆ. ಊರಿಗೆ ಮರಳಿದ ಹಿರಿಯರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ.

ಎಲ್ಲ ಗಂಟಿಗೂ ಪರೇಲಿಗೆ ಓಡಬೇಕಾಗಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಮೊದಲ ಕೈ ಮತ್ತು ಮೊದಲ ಚಿತ್ರ ನಿಮ್ಮ ಬಡಾವಣೆಯಲ್ಲೇ ಆದೀತು. ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದ ರುಕ್ಮಿಣೀಬಾಯಿ ಆಸ್ಪತ್ರೆ, ಕಳವಾದಲ್ಲಿರುವ ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ ಇವೆಲ್ಲ ಸಾರ್ವಜನಿಕರವು. ಅಲ್ಲಿ ಅನುಮಾನವೆಂದರೆ, ಕೊಯ್ಯಿಸಿಕೊಳ್ಳದೆ, ಚೀಟಿ ಬರೆಸಿಕೊಂಡು ದೊಡ್ಡ ಕೇಂದ್ರಕ್ಕೆ ಹೋಗಿ. ಹಣದ ಚಿಂತೆಯಿಂದ ಮನೆಯಲ್ಲಿ ಕೂರಬೇಡಿ. ಮಹಾರಾಷ್ಟ್ರ ಸರಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಔಷಧ, ವಿಕಿರಣಗಳು ಸೇರಿವೆ. ರೇಷನ್ ಕಾರ್ಡನ್ನೂ ಆಧಾರ್ ಕಾರ್ಡನ್ನೂ ಒಂದೇ ಚೀಲದಲ್ಲಿಡಿ.

ಇಲ್ಲಿ ಎರಡು ಎಚ್ಚರಿಕೆ. ಸ್ತನದಲ್ಲಿ ಕೈಗೆ ಸಿಕ್ಕ ಗಂಟಿಗೆ ಮೇಲಿನ ನಾಲ್ಕು ಪ್ರಶ್ನೆಗಳು ಅನ್ವಯಿಸುವುದಿಲ್ಲ. ಅದು ಕಡಲೆಕಾಳಿನಷ್ಟಿದ್ದರೂ ತೋರಿಸಬೇಕು. ಸಂಕೋಚದಿಂದ ಗಂಡನಿಗೂ ಹೇಳದೆ ಸೆರಗಿನಲ್ಲಿ ಮುಚ್ಚಿಡುವ ತಾಯಂದಿರು ಇನ್ನೂ ಇದ್ದಾರೆ. ಮನೆಯ ಹೆಣ್ಣುಮಕ್ಕಳು ಅವರನ್ನು ಮೆಲ್ಲಗೆ ವಿಚಾರಿಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿನ ಗ್ರಂಥಿಗಳು ನೆಗಡಿ ಗಾಯಗಳಿಂದ ಊದುವುದು ಸಹಜ. ಮೂರು ನಾಲ್ಕು ವಾರವಾದರೂ ಇಳಿಯದಿದ್ದರೆ ಕ್ಷಯವೂ ಇರಬಹುದು, ಬೇರೆಯೂ ಇರಬಹುದು, ತೋರಿಸಬೇಕು. ಮಕ್ಕಳ ಮೈಯಲ್ಲಿ ಬೆಳೆಯುವ ಗಂಟನ್ನಂತೂ ‘ಆಡುವಾಗ ಬಿದ್ದಿರಬೇಕು’ ಎಂದು ಬಿಡಬೇಡಿ.

ಇನ್ನು ಗುಮಾಸ್ತನ ಮಾತೊಂದು ಉಳಿಯಿತು. ಯಾರಾದರೂ ನಿಮ್ಮ ಗಂಟನ್ನು ತೆಗೆಯುತ್ತೇವೆ ಎಂದರೆ ವಿನಯದಿಂದ ಮೂರು ಪ್ರಶ್ನೆ ಕೇಳಿ. ‘ಡಾಕ್ಟರೇ, ಇದು ಮೇಲಿನದೋ ಆಳದ್ದೋ? ಕೊಯ್ಯುವ ಮೊದಲು ಚಿತ್ರ, ಸೂಜಿ ಬೇಕೆ? ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತೀರಾ?’ ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ಮೈಯಿಂದ ತೆಗೆದ ಗಂಟು ಎಷ್ಟೇ ಸಣ್ಣದಿರಲಿ, ಕೊಬ್ಬೆಂದೇ ಕಾಣಲಿ, ರೋಗಶಾಸ್ತ್ರಜ್ಞರ ಮೇಜಿಗೆ ಹೋಗಬೇಕು. ಅವರ ವರದಿಯ ಮೂಲ ಪ್ರತಿ ನಿಮ್ಮ ಕೈಗೆ ಬರಬೇಕು. ಅದನ್ನು ಮನೆಯ ಪತ್ರ, ವಿಮೆಯ ಕಾಗದಗಳ ಜೊತೆಗೆ ಇಡಿ. ಬಿಲ್ಲು ಕಳೆದರೆ ಹಣ ಹೋದೀತು. ಅದನ್ನು ನಾವು ಹೇಗಾದರೂ ನಕಲು ತರಿಸಿ ಮಂಜೂರು ಮಾಡಿಸಿಯೇವು. ಎಸೆದ ಗಂಟಿನ ನಕಲು ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಈ ಪುಟ ಓದಿ ಮುಗಿಸಿದ ಮೇಲೆ ಹೊಲಿಗೆಯ ಡಬ್ಬಿಯ ಟೇಪನ್ನು ಒಮ್ಮೆ ಹುಡುಕಿಡಿ. ಮುಂದಿನ ಸಂಚಿಕೆಯಲ್ಲಿ, ಹಲವರು ಬಯಸಿದಂತೆ, ಮೆಡಿಕಲ್ ಬಿಲ್ಲಿನ ಅರ್ಜಿಯನ್ನು ತಿರಸ್ಕಾರವಾಗದಂತೆ ಬರೆಯುವ ಬಗೆಯನ್ನು ಹೇಳುತ್ತೇವೆ.